‘ರದ್ದು’ ಅನ್ನೋ ಒಂದೇ ಪದ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕಾನೂನು ಅಂಕಣದಲ್ಲಿ ‘ವಾಯ್ಡ್’, ‘ವಾಯ್ಡಬಲ್’ ಎರಡಕ್ಕೂ ‘ರದ್ದಾದ ಕರಾರು’ ಅಂತಲೇ ಬರೆದಿದ್ದೀರಿ. ದಯವಿಟ್ಟು ಹಾಗೆ ಬರೆಯಬೇಡಿ. ನಾನಿರುವುದು ಇಂಗ್ಲೆಂಡಿನಲ್ಲಿ. ಈ ಎರಡು ಪದಗಳ ನಡುವಿನ ವ್ಯತ್ಯಾಸದಿಂದಲೇ ಇಲ್ಲಿ ಜನ ಕಾರು ಕಳೆದುಕೊಂಡಿದ್ದಾರೆ.

ವಾಯ್ಡ್ ಅಂದರೆ ಕರಾರು ಹುಟ್ಟಲೇ ಇಲ್ಲ. ವಾಯ್ಡಬಲ್ ಅಂದರೆ ಹುಟ್ಟಿದೆ, ಮೋಸಹೋದವರು ಬೇಡ ಅನ್ನುವ ತನಕ ನಡೆಯುತ್ತದೆ. ಸುಳ್ಳು ಹೇಳಿ ಒಪ್ಪಿಸಿದ್ದು, ಹೆದರಿಸಿ ಸಹಿ ಹಾಕಿಸಿದ್ದು ಈ ಎರಡನೇ ಜಾತಿ. ಮಾರುವ ಸರಕು ಇಬ್ಬರಿಗೂ ಗೊತ್ತಿಲ್ಲದೆ ಮೊದಲೇ ನಾಶವಾಗಿದ್ದರೆ ಮೊದಲನೆಯದು. ತೊಡಕು ಇರುವುದು ಬೇರೆಯವರ ಹೆಸರು ಹೇಳಿಕೊಂಡು ಬರುವ ಮೋಸಗಾರನ ವಿಷಯದಲ್ಲಿ.

1969ರಲ್ಲಿ ಬ್ರಿಸ್ಟಲ್‌ನ ಒಬ್ಬ ವಿದ್ಯಾರ್ಥಿ ತನ್ನ ಮಿನಿ ಕೂಪರನ್ನು 450 ಪೌಂಡಿಗೆ ಮಾರಿದ. ಕೊಂಡವನು ತಾನು ನಟ ರಿಚರ್ಡ್ ಗ್ರೀನ್ ಅಂತ ನಂಬಿಸಿ, ಪೈನ್‌ವುಡ್ ಸ್ಟುಡಿಯೋದ ಪಾಸ್ ತೋರಿಸಿದ, ಅದರಲ್ಲಿ ಅವನದೇ ಫೋಟೋ, ಮೊಹರು ಬೇರೆ! ಚೆಕ್ ಮಾತ್ರ ಕದ್ದ ಪುಸ್ತಕದ್ದು. ವಿಷಯ ಗೊತ್ತಾಗುವಷ್ಟರಲ್ಲಿ ಕಾರು ಏನೂ ಅರಿಯದ ಇನ್ನೊಬ್ಬ ಹುಡುಗನಿಗೆ 200 ಪೌಂಡಿಗೆ ಹೋಗಿತ್ತು. ಎದುರಿಗೆ ನಿಂತವನಿಗೇ ಮಾರಿದ್ದೀಯ, ಹಾಗಾಗಿ ಇದು ವಾಯ್ಡಬಲ್ ಅಷ್ಟೇ ಅಂದಿತು ಕೋರ್ಟು. ಕರಾರು ಮುರಿಯುವ ಮೊದಲೇ ಕೊಂಡಿದ್ದರಿಂದ ಕಾರು ಆ ಎರಡನೇ ಹುಡುಗನಿಗೇ ಉಳಿಯಿತು.

2003ರ ಶೋಗನ್ ಫೈನಾನ್ಸ್ ಕೇಸಿನಲ್ಲಿ ತದ್ವಿರುದ್ಧ. ಅಲ್ಲೂ ಬೇರೆಯವರ ಡ್ರೈವಿಂಗ್ ಲೈಸೆನ್ಸ್ ತೋರಿಸಿ ಕಂತಿನ ಮೇಲೆ ಕಾರು ಪಡೆದ ಕಳ್ಳ, ಅಲ್ಲೂ ಅವನಿಂದ ಅದನ್ನು ನಂಬಿ ಕೊಂಡ ಮನುಷ್ಯ. ಆದರೆ ಫೈನಾನ್ಸ್ ಕಂಪನಿಯ ಜೊತೆ ಕರಾರು ಆಗಿದ್ದು ಕಾಗದದ ಮೇಲೆ, ಲೈಸೆನ್ಸಿನಲ್ಲಿದ್ದ ಹೆಸರಿಗೆ. ಆದ್ದರಿಂದ ಕರಾರೇ ಇಲ್ಲ ಅಂತ ಆಗ ಇಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ 3–2ರಲ್ಲಿ ತೀರ್ಪು ಕೊಟ್ಟಿತು. ಕರಾರೇ ಇಲ್ಲದ ಮೇಲೆ ಕಳ್ಳನಿಗೆ ಕಾರು ಮಾರುವ ಹಕ್ಕೂ ಇರಲಿಲ್ಲ, ಹಾಗಾಗಿ ಅವನಿಂದ ಕೊಂಡವನು ಸೋತ. ನನಗಂತೂ ಆ ಇಬ್ಬರು ಭಿನ್ನಮತದ ನ್ಯಾಯಾಧೀಶರ ಮಾತೇ ಸರಿ ಅನ್ನಿಸುತ್ತದೆ. ಕಳ್ಳ ಕಾಗದ ಬಳಸಿದನೋ ಬಾಯಿಮಾತೋ ಅನ್ನುವುದು ಆಮೇಲೆ ಕೊಂಡವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಹೋದ ತಿಂಗಳು ನನ್ನ ಮಗ ಹಳೇ ಕಾರು ಮಾರಿದ. ‘ಲೈಸೆನ್ಸ್ ಫೋಟೋ ಸರಿ ಇದೆಯಲ್ಲಮ್ಮಾ’ ಅಂತ ಕೀ ಕೊಡಲು ಹೊರಟವನ ಕೈ ಹಿಡಿದು ನಿಲ್ಲಿಸಿದೆ. ದುಡ್ಡು ಖಾತೆಗೆ ಬಂದದ್ದನ್ನು ಫೋನಿನಲ್ಲಿ ನೋಡಿದ ಮೇಲೇ ಕೀ ಕೈ ಬದಲಾಯಿತು.

ಇದು ಇಂಗ್ಲೆಂಡಿನ ಕಥೆ ಮಾತ್ರ ಅಲ್ಲ. ನಮ್ಮ 1930ರ ಸರಕು ಮಾರಾಟ ಕಾಯ್ದೆಯ 29ನೇ ಸೆಕ್ಷನ್ನಿನಲ್ಲೂ ಇದೇ ನಿಯಮ ಇದೆ: ವಾಯ್ಡಬಲ್ ಕರಾರನ್ನು ಮುರಿಯುವ ಮೊದಲೇ ಪ್ರಾಮಾಣಿಕವಾಗಿ ಕೊಂಡವರಿಗೆ ಮಾಲು ದಕ್ಕುತ್ತದೆ. ‘ಹುಟ್ಟದ ಕರಾರು’, ‘ಮುರಿಯಬಹುದಾದ ಕರಾರು’ ಅಂತ ಬೇರೆಬೇರೆಯಾಗಿ ಬರೆದರೆ ನಮ್ಮಂಥ ಓದುಗರಿಗೆ ತಟ್ಟನೆ ತಿಳಿಯುತ್ತದೆ. ಮುಂದಿನ ಅಂಕಣದಲ್ಲಿ ತಿದ್ದುಪಡಿ ಹಾಕುತ್ತೀರಾ?

– ಇಂಗ್ಲೆಂಡಿನಿಂದ ಒಬ್ಬ ಮಹಿಳಾ ಓದುಗರು