ಬಸ್ ನಿಲ್ದಾಣದ ಹೊಗೆ: ಪುರಸಭೆಗೆ ನಮ್ಮ ಆರನೆಯ ಮನವಿ

ಗೆ,
ಮುಖ್ಯಾಧಿಕಾರಿಗಳು,
ಪುರಸಭಾ ಕಚೇರಿ,
ಹಾಸನ ಜಿಲ್ಲೆ.

ವಿಷಯ: ಖಾಸಗಿ ಬಸ್ ನಿಲ್ದಾಣದಲ್ಲಿ ಮತ್ತು ಶಾಲೆಯ ರಸ್ತೆಯಲ್ಲಿ ಧೂಮಪಾನ ತಡೆಯುವ ಕುರಿತು.

ಉಲ್ಲೇಖ: ನಮ್ಮ ಹಿಂದಿನ ಐದು ಮನವಿಗಳು. ಸ್ವೀಕೃತಿ ಮುದ್ರೆ ಇರುವ ನಕಲುಗಳನ್ನು ಲಗತ್ತಿಸಿದೆ. ಮೂಲ ಪ್ರತಿಗಳು ತಮ್ಮ ಕಚೇರಿಯಲ್ಲಿ ಎಲ್ಲಿವೆ ಎಂಬುದು ನಮಗೂ ತಿಳಿಯದು, ತಮಗೂ ತಿಳಿಯದು.

ಮಾನ್ಯರೇ,

ವಂದನೆಗಳು. ಬಸ್ ನಿಲ್ದಾಣದ ಹಿಂದಿನ ಎರಡು ಬೀದಿಗಳು ಮತ್ತು ಶಾಲೆಯ ರಸ್ತೆಯ ನಿವಾಸಿಗಳು ಆರನೆಯ ಸಲ ಬರೆಯುತ್ತಿದ್ದೇವೆ. ತಾವು ಊರಿಗೆ ಬಂದು ನಾಲ್ಕು ತಿಂಗಳಷ್ಟೇ ಆಗಿದೆ ಎಂಬುದನ್ನು ಬಲ್ಲೆವು. ತಮಗಿಂತ ಮುಂಚೆ ಇದ್ದವರೂ ಹೊಸಬರಾಗಿ ಬಂದು ಹೊಸಬರಾಗಿಯೇ ವರ್ಗವಾಗಿ ಹೋದರು.

ಈ ಆಷಾಢದ ಜಡಿಮಳೆಯಲ್ಲಿ ಕಂಡದ್ದನ್ನು ಮೊದಲು ಹೇಳುತ್ತೇವೆ. ಬೆಳಿಗ್ಗೆ ಎಂಟೂವರೆ. ತಂಗುದಾಣದ ಒಳಗೆ ಕಡಪ ಕಲ್ಲಿನ ಬೆಂಚಿನ ಮೇಲೆ ಗಂಡಸರು ಸಾಲಾಗಿ ಕುಳಿತು ಸೇದುತ್ತಿದ್ದರು. ಕಲ್ಲಿನ ಅಂಚಿನ ಉದ್ದಕ್ಕೂ ಬೀಡಿ ಹೊಸಕಿ ಆರಿಸಿದ ಕಪ್ಪು ಕಲೆಗಳಿವೆ, ಎಣಿಸಲು ಹೋದವರು ಅರ್ಧಕ್ಕೇ ಬಿಟ್ಟಿದ್ದೇವೆ. ಹೊರಗೆ, ಸೂರಿನ ನೀರು ಸುರಿಯುವಲ್ಲಿ, ಎಂಟನೇ ತರಗತಿಯ ಹುಡುಗಿಯೊಬ್ಬಳು ಪುಸ್ತಕದ ಚೀಲಕ್ಕೆ ಗೊಬ್ಬರದ ಚೀಲ ಹೊದಿಸಿ ನೆನೆಯುತ್ತ ನಿಂತಿದ್ದಳು. ಒಳಗೆ ಬಾರಮ್ಮ ಎಂದರೆ ತಲೆಯಾಡಿಸಿ ಕೈಯಲ್ಲಿದ್ದ ಇನ್‌ಹೇಲರ್ ತೋರಿಸಿದಳು. ದಮ್ಮಿನ ಮಗು. ಪುರಸಭೆ ಜನರ ತೆರಿಗೆಯಲ್ಲಿ ಕಟ್ಟಿಸಿದ ಸೂರು ಬೀಡಿಗೆ, ಮಳೆ ಮಕ್ಕಳಿಗೆ. ಇದು ಯಾವ ನ್ಯಾಯ ಸ್ವಾಮಿ?

ನಮ್ಮ ಮೊದಲನೆಯ ಮನವಿಗೆ ತಮ್ಮ ಕಚೇರಿ ಕೊಟ್ಟ ಉತ್ತರ ಒಂದೇ ಸಾಲಿನದು: ನಿಲ್ದಾಣ ತೆರೆದ ಜಾಗ, ಅಲ್ಲಿಗೆ ಕಾಯ್ದೆ ಅನ್ವಯಿಸದು. ಈ ಪತ್ರ ಬರೆಯುತ್ತಿರುವ ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವಳು. ಅರ್ಧ ಸೂತ್ರ ಬರೆದು ಉತ್ತರ ಬಂತು ಎನ್ನುವ ಹುಡುಗರನ್ನು ಬಹಳ ನೋಡಿದ್ದೇನೆ. 2003ರ ತಂಬಾಕು ನಿಯಂತ್ರಣ ಕಾಯ್ದೆಯ 4ನೇ ಸೆಕ್ಷನ್ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸುತ್ತದೆ. ತೆರೆದ ಜಾಗಕ್ಕೆ ವಿನಾಯಿತಿ ಇದೆ, ನಿಜ. ಆದರೆ 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು ರೈಲು ನಿಲ್ದಾಣ, ಬಸ್ ನಿಲುಗಡೆ, ಕ್ರೀಡಾಂಗಣದಂಥ ಜಾಗಗಳು ಆ ವಿನಾಯಿತಿಯೊಳಗೆ ಬರುವುದಿಲ್ಲ ಎಂದು ಬಿಡಿಸಿ ಹೇಳಿವೆ. ಕಾಯ್ದೆಯ ಪುಟ ಓದಿದವರು ನಿಯಮದ ಪುಟವನ್ನೂ ತಿರುವಬಹುದಿತ್ತು. ಕಾಯ್ದೆ ಬರುವ ಮೊದಲೇ, 2001ರ ನವೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ಆಸ್ಪತ್ರೆ, ಶಾಲೆ, ಸಾರ್ವಜನಿಕ ಸಾರಿಗೆಗಳಲ್ಲಿ ಧೂಮಪಾನ ನಿಷೇಧಿಸಲು ಆದೇಶಿಸಿತ್ತು. ಸೇದದವನ ಜೀವದ ಹಕ್ಕನ್ನು ಸೇದುವವನ ಹೊಗೆ ಕಸಿಯಬಾರದು ಎಂಬುದೇ ಅದರ ತಿರುಳು. ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ನಿಷೇಧಿಸಬೇಕೇ ಬೇಡವೇ ಎಂಬ ಚರ್ಚೆಗೆ ನಾವು ಬಂದಿಲ್ಲ. ಅದು ಮುಗಿದು ಇಪ್ಪತ್ತು ವರ್ಷ ದಾಟಿತು. ನಮ್ಮ ಊರಿಗೆ ಮಾತ್ರ ಸುದ್ದಿ ಮುಟ್ಟಿಲ್ಲ.

ಎರಡನೆಯ ಮನವಿಗೆ ಪೊಲೀಸರ ಬಳಿ ಹೋಗಿ ಎಂದರು. ಪೊಲೀಸರು, ನಿಲ್ದಾಣ ಪುರಸಭೆಯದು, ಅವರು ಬರೆದುಕೊಟ್ಟರೆ ಬರುತ್ತೇವೆ ಎಂದರು. ಬರೆದುಕೊಡಿ ಎಂದು ಇಲ್ಲಿಗೆ ಬಂದರೆ ಆರೋಗ್ಯ ಇಲಾಖೆಯತ್ತ ಬೆರಳು ತೋರಿಸಿದರು. ಅಲ್ಲಿ ಪಾಪ, ಸಜ್ಜನರೊಬ್ಬರು ಐವತ್ತು ಸ್ಟಿಕರ್ ಕೊಟ್ಟು ನೀವೇ ಅಂಟಿಸಿಕೊಳ್ಳಿ ಎಂದರು. ಅಂಟಿಸಿದೆವು. ವಾರದೊಳಗೆ ಅವುಗಳ ಮೇಲೆ ಕೊಳವೆಬಾವಿ ಕೊರೆಯುವವರ ಭಿತ್ತಿಪತ್ರ ಬಿದ್ದವು. ಮೂರನೆಯ ಮನವಿಯನ್ನು ಜನಸ್ಪಂದನ ಸಭೆಯಲ್ಲಿ ಕೊಟ್ಟೆವು. ನಮ್ಮ ಟೋಕನ್ 41, ಊಟದ ಹೊತ್ತಿಗೆ ಕರೆದರು. ಪರಿಶೀಲಿಸಿ ಕ್ರಮ ಕೈಗೊಳ್ಳಿ ಎಂಬ ಷರಾ ಬರೆದು ತಮ್ಮ ಕಚೇರಿಗೇ ಕಳುಹಿಸಿದರು. ಹದಿನೈದು ದಿನಗಳ ಮೇಲೆ ಮೊಬೈಲಿಗೆ ಸಂದೇಶ ಬಂತು: ಅರ್ಜಿ ವಿಲೇವಾರಿಯಾಗಿದೆ. ಏನು ವಿಲೇವಾರಿಯಾಯಿತು, ಹೊಗೆಯೋ, ಅರ್ಜಿಯೋ? ಮಾಹಿತಿ ಹಕ್ಕಿನಡಿ ಕೇಳಿದೆವು. ಎಷ್ಟು ಮಂದಿಗೆ ದಂಡ ಹಾಕಿದ್ದೀರಿ ಎಂಬ ಒಂದೇ ಪ್ರಶ್ನೆ. 30 ದಿನಗಳಲ್ಲಿ ಬರಬೇಕಾದ ಉತ್ತರ ಎಪ್ಪತ್ತನೆಯ ದಿನ ಬಂತು: ಕೋರಿರುವ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.

ನಾಲ್ಕನೆಯದಕ್ಕೆ ಉತ್ತರವೇ ಇಲ್ಲ. ಐದನೆಯದರ ಬಳಿಕ ಒಂದು ದಾಳಿ ನಡೆಯಿತು, ಅದನ್ನು ಒಪ್ಪುತ್ತೇವೆ. ಬರುವ ಸುದ್ದಿ ಹಿಂದಿನ ಸಂಜೆಯೇ ಪೆಟ್ಟಿಗೆ ಅಂಗಡಿಗಳಿಗೆ ತಲುಪಿತ್ತು. ಸಂತೆಗೆ ಬಂದ ನಾಲ್ವರು ಮುದುಕರಿಗೆ ದಂಡ ಹಾಕಿ, ಫೋಟೋ ತೆಗೆಸಿಕೊಂಡು, ಕಾಫಿ ಕುಡಿದು ಹೋದರು. ಆ ಹೊತ್ತಿನಲ್ಲಿ ಬಂದವರ ಜೀಪಿನ ಚಾಲಕ ಬಾನೆಟ್‌ಗೆ ಒರಗಿ ಸಿಗರೇಟು ಸೇದುತ್ತಿದ್ದ. ಅವನ ಹೆಸರಿಗೆ ರಸೀದಿ ಹರಿದದ್ದನ್ನು ನಾವು ಕಾಣಲಿಲ್ಲ.

ಅಂದು ಒಬ್ಬ ಅಧಿಕಾರಿ ನಮಗೆ ಕೇಳಿದ ಮಾತನ್ನು ಮರೆಯಲಾರೆವು: 'ಹೊಗೆಸೊಪ್ಪು ಬೆಳೆಯುವವರು ನೀವೇ, ಬೀಡಿ ಬೇಡ ಎನ್ನುವವರೂ ನೀವೇ?' ಹೌದು, ನಮ್ಮಲ್ಲಿ ಅರ್ಧದಷ್ಟು ಮನೆಗಳಿಗೆ ಹೊಗೆಸೊಪ್ಪಿನ ನಂಟಿದೆ. ಸೊಪ್ಪು ಹದಮಾಡುವ ಬ್ಯಾರನ್ನಿಗೆ ರಾತ್ರಿಯಿಡೀ ಸೌದೆ ಒಟ್ಟಿ, ಕೆಂಪು ಕಣ್ಣಿನಲ್ಲಿ ಬೆಳಗು ಮಾಡಿ, ರಾಮನಾಥಪುರದ ಹರಾಜಿನಲ್ಲಿ ದರ ಬೀಳುವುದನ್ನು ನೋಡಿದವರು ನಾವು. ಸೊಪ್ಪು ನಮ್ಮ ಹೊಟ್ಟೆ ಹೊರೆದಿದೆ, ಆ ಋಣ ಗೊತ್ತಿದೆ. ಆದರೆ ಇಲ್ಲಿ ಬೆಳೆಯುವುದು ಸಿಗರೇಟಿನ ವರ್ಜೀನಿಯಾ, ಬೀಡಿಯ ಸೊಪ್ಪು ನಿಪ್ಪಾಣಿ ಕಡೆಯದು. ಅಷ್ಟನ್ನೂ ತಿಳಿಯದವರು ನಮಗೆ ಬುದ್ಧಿ ಹೇಳಬೇಕಿಲ್ಲ. ಭತ್ತ ಬೆಳೆಯುವವನು ಅನ್ನವನ್ನು ಪಕ್ಕದವನ ಮೂಗಿಗೆ ತುರುಕುವುದಿಲ್ಲ.

ಶಾಲೆಯ ವಿಚಾರ. ಗೇಟಿನಿಂದ ಮೊದಲ ಪೆಟ್ಟಿಗೆ ಅಂಗಡಿಗೆ ಟೇಪು ಹಿಡಿದು ಅಳೆದೆವು, 38 ಮೀಟರ್. ಶಾಲೆಯಿಂದ 100 ಮೀಟರ್ ಒಳಗೆ ತಂಬಾಕು ಮಾರಕೂಡದು ಎನ್ನುತ್ತದೆ ಕಾನೂನು. ರಾಜ್ಯದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ 21 ವರ್ಷದೊಳಗಿನವರಿಗೆ ಮಾರುವಂತಿಲ್ಲ, ಬಿಡಿಯಾಗಿ ಒಂದೆರಡು ಸಿಗರೇಟು ಮಾರುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರಿಂದ 1000 ರೂಪಾಯಿವರೆಗೆ ಏರಿದೆ. ಆ ಅಂಗಡಿಯಲ್ಲಿ ಚಾಕೊಲೇಟ್ ಡಬ್ಬಿಯ ಪಕ್ಕವೇ ಬಿಡಿ ಸಿಗರೇಟಿನ ಡಬ್ಬಿ, ಕಂಬಕ್ಕೆ ದಾರದಲ್ಲಿ ಕಟ್ಟಿದ ಲೈಟರ್. ಹತ್ತನೇ ತರಗತಿಯ ಹುಡುಗರು ಸಮವಸ್ತ್ರದ ಮೇಲೆ ಜಾಕೆಟ್ ಹಾಕಿಕೊಂಡು ಅದನ್ನು ಎಳೆದು ಹಚ್ಚಿಕೊಳ್ಳುತ್ತಾರೆ. ಅಂಗಡಿಯವನ ಮೇಲೆ ನಮಗೆ ಹಗೆಯಿಲ್ಲ, ಅವನಿಗೂ ಸಂಸಾರವಿದೆ. ಆದರೆ ಆ ಜಾಗದ ನೆಲಬಾಡಿಗೆಯನ್ನು ತಿಂಗಳು ತಿಂಗಳೂ ವಸೂಲು ಮಾಡುವವರು ಯಾರು? ತಮ್ಮ ಕಚೇರಿಯವರೇ. 38 ಮೀಟರ್ ಅವರ ಕಣ್ಣಿಗೆ ಬೀಳುವುದಿಲ್ಲ, ರಸೀದಿ ಪುಸ್ತಕ ಬೀಳುತ್ತದೆ.

ಎಚ್ಚರಿಕೆ ಫಲಕವೊಂದು ಇದೆ ಎಂದು ತಾವು ಹೇಳಬಹುದು. ಇದೆ. ನಿಯಮದ ಪ್ರಕಾರ 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಫಲಕ ಪ್ರತಿ ಪ್ರವೇಶದಲ್ಲೂ ಇರಬೇಕು. ನಿಲ್ದಾಣಕ್ಕೆ ಮೂರು ದಾರಿ, ಫಲಕ ಒಂದು. ಅದೂ ವರ್ಷದ ಬಹುಪಾಲು ಯಾರಾದರೂ ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸಿನ ಹಿಂದೆ ಇರುತ್ತದೆ. ಕಳೆದ ತಿಂಗಳು ಗಾಳಿಗೆ ಫ್ಲೆಕ್ಸ್ ಹರಿದಾಗ ನೋಡಿದೆವು. ದೂರು ಕೊಡಬೇಕಾದವರ ಹೆಸರನ್ನು ಪ್ರಕಟಿಸಲೇಬೇಕು ಎಂದು ನಿಯಮವಿದೆ. ಫಲಕದಲ್ಲಿ 'ದೂರು ನೀಡಬೇಕಾದವರು' ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಾರೆ. ಆ ಖಾಲಿ ಜಾಗದಲ್ಲಿ ಯಾರೋ ಇದ್ದಿಲಿನಿಂದ 'ದೇವರು' ಎಂದು ಬರೆದಿದ್ದಾರೆ.

ಬರೆಯಲು ಕುಳಿತ ಮೇಲೆ ಉಳಿದದ್ದನ್ನೂ ಬರೆದುಬಿಡುತ್ತೇವೆ. ನಿಲ್ದಾಣದ ಹೆಂಗಸರ ಶೌಚಾಲಯಕ್ಕೆ ಬೀಗ ಬಿದ್ದು ಎರಡು ವರ್ಷವಾಯಿತು. ಬೀಗದ ಕೈ ಗುತ್ತಿಗೆದಾರನ ಬಳಿ, ಗುತ್ತಿಗೆದಾರ ಬೆಂಗಳೂರಿನಲ್ಲಿ. ಕುಡಿಯುವ ನೀರಿನ ಘಟಕಕ್ಕೆ ನಾಣ್ಯ ಹಾಕಿದರೆ ನಾಣ್ಯ ಹೋಗುತ್ತದೆ, ನೀರು ಬರುವುದಿಲ್ಲ. ಗೋಡೆಯ ಮೂಲೆಗಳು ಗುಟ್ಕಾ ಉಗುಳಿ ಕೆಂಪಾಗಿವೆ. ಸಂಜೆ ಏಳರ ಮೇಲೆ ಅದೇ ಬೆಂಚು ಮದ್ಯದ ಪ್ಯಾಕೆಟ್ಟಿನವರಿಗೆ ಮೀಸಲು, ಏಕೆಂದರೆ ಹೈಮಾಸ್ಟ್ ದೀಪ ಉರಿಯುವುದಿಲ್ಲ. ತಮ್ಮದೇ ಪೌರಕಾರ್ಮಿಕರಿಂದ ಬೆಳಗಿನ ಜಾವ ನಿಲ್ದಾಣದ ಹಿಂದೆ ಪ್ಲಾಸ್ಟಿಕ್ ಸಮೇತ ಕಸ ಸುಡಿಸುತ್ತೀರಿ. ಅವರನ್ನು ದೂರುವುದಿಲ್ಲ, ಗಾಡಿ ಕೊಡದೆ ಕಸ ಎತ್ತು ಎಂದರೆ ಅವರೇನು ಮಾಡಬೇಕು? ಬೀಡಿಯ ಹೊಗೆಯನ್ನು ಹೇಗೋ ದಾಟಿ ಮನೆಗೆ ಬಂದರೆ ಪುರಸಭೆಯ ಹೊಗೆ ಕಿಟಕಿಯಲ್ಲಿ ಕಾಯುತ್ತಿರುತ್ತದೆ.

ಇನ್ನು ಲೆಕ್ಕ. ದೂರು ಬಂದರೂ ಸ್ಥಳದ ಮಾಲೀಕರು ಕ್ರಮ ಕೈಗೊಳ್ಳದಿದ್ದರೆ, ಅಲ್ಲಿ ನಡೆದ ಪ್ರತಿಯೊಂದು ತಪ್ಪಿನ ಸಂಖ್ಯೆಗೆ ಸಮನಾದ ದಂಡವನ್ನು ಮಾಲೀಕರೇ ತೆರಬೇಕು ಎಂದು 2008ರ ನಿಯಮ ಹೇಳುತ್ತದೆ. ಈ ನಿಲ್ದಾಣದ ಮಾಲೀಕರು ಪುರಸಭೆ. ಕಳೆದ ಸೋಮವಾರ ಬಸ್ಸಿಗೆ ಕಾಯುತ್ತ ನಲವತ್ತೈದು ನಿಮಿಷದಲ್ಲಿ ನಾನು ಎಣಿಸಿದವರು 23 ಮಂದಿ. ತಲಾ 1000 ರೂಪಾಯಿ ಎಂದರೆ 23,000. ಇದು ಒಂದು ಬೆಳಗಿನ ಮುಕ್ಕಾಲು ಗಂಟೆಯ ಮೊತ್ತ. ಐದು ಮನವಿಗಳ ನಡುವೆ ಕಳೆದ ದಿನಗಳಿಂದ ಗುಣಿಸುವ ಕೆಲಸವನ್ನು ತಮ್ಮ ಲೆಕ್ಕ ಶಾಖೆಗೆ ಬಿಟ್ಟಿದ್ದೇವೆ.

ನಾವು ಕೇಳುವುದು ಹೆಚ್ಚೇನಲ್ಲ. ಮೂರೂ ದಾರಿಗಳಲ್ಲಿ ಫಲಕ ಹಾಕಿಸಿ, ಅವುಗಳ ಮೇಲೆ ಫ್ಲೆಕ್ಸ್ ಕಟ್ಟಲು ಬಿಡಬೇಡಿ. ಇದ್ದಿಲಿನ ಬರಹ ಅಳಿಸಿ ಅಲ್ಲಿ ಒಬ್ಬ ಮನುಷ್ಯನ ಹೆಸರು, ಹುದ್ದೆ, ಫೋನ್ ಸಂಖ್ಯೆ ಬರೆಸಿ. ಬೆಳಿಗ್ಗೆ ಎಂಟರಿಂದ ಹತ್ತು, ಸಂಜೆ ನಾಲ್ಕರಿಂದ ಆರು, ಶಾಲೆಯ ಹೊತ್ತಿನಲ್ಲಾದರೂ ದಂಡ ಹಾಕುವ ಅಧಿಕಾರವಿರುವ ಒಬ್ಬರು ಅಲ್ಲಿರುವಂತೆ ಪೊಲೀಸರಿಗೂ ಆರೋಗ್ಯ ಇಲಾಖೆಗೂ ಬರೆಯಿರಿ, ಬರೆದ ಪತ್ರದ ನಕಲನ್ನು ನಮಗೆ ಕೊಡಿ. ಶಾಲೆಯ 100 ಮೀಟರ್ ಒಳಗಿನ ಅಂಗಡಿಗಳಿಗೆ ನೆಲಬಾಡಿಗೆ ನವೀಕರಿಸುವಾಗ ತಂಬಾಕು ಮಾರಕೂಡದು ಎಂಬ ಷರತ್ತು ಹಾಕಿ. ಶೌಚಾಲಯದ ಬೀಗ ಒಡೆಸಿ. ಅದಕ್ಕೆ ಕಾಯ್ದೆಯೇನೂ ಬೇಡ, ಸುತ್ತಿಗೆ ಸಾಕು.

ಹದಿನೈದು ದಿನ ಕಾಯುತ್ತೇವೆ. ಹದಿನಾರನೆಯ ದಿನದಿಂದ ನಮ್ಮ ಬೀದಿಯ ಇಬ್ಬರು ಪ್ರತಿದಿನ ಬೆಳಿಗ್ಗೆ ನೋಟ್‌ಪುಸ್ತಕ ಹಿಡಿದು ನಿಲ್ದಾಣದಲ್ಲಿ ಕುಳಿತು ಎಣಿಸುತ್ತಾರೆ. ಆಯಾ ದಿನದ ಸಂಖ್ಯೆಯನ್ನು ಅಂದೇ ತಮ್ಮ ಕಚೇರಿಯ ಆವಕ ಶಾಖೆಯಲ್ಲಿ ಕೊಟ್ಟು ಮುದ್ರೆ ಹಾಕಿಸಿಕೊಳ್ಳುತ್ತೇವೆ. ಆವಕ ಗುಮಾಸ್ತರು ಊಟಕ್ಕೆ ಹೋಗಿದ್ದರೆ ಬರುವವರೆಗೆ ಕಾಯುತ್ತೇವೆ, ಕಾಯುವುದು ನಮಗೆ ಅಭ್ಯಾಸವಾಗಿದೆ.

ಇಂತಿ,
ಬಸ್ ನಿಲ್ದಾಣದ ಹಿಂದಿನ ಬೀದಿಗಳು ಮತ್ತು ಶಾಲೆಯ ರಸ್ತೆಯ ನಿವಾಸಿಗಳು

ಲಗತ್ತು: ಸಹಿಗಳು, 4 ಪುಟ. ಹಿಂದಿನ ಮನವಿಗಳ ನಕಲು, 5. ಫಲಕದ ಫೋಟೋ, 1.