516 ಗಂಟೆಯ ಕೂಲಿ: ಕೈಮಗ್ಗ ಮತ್ತು ಜವಳಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಜಮಖಾನೆ ನೇಯುವ ಹೆಣ್ಣುಮಕ್ಕಳಿಗಾಗಿ ನಿಮ್ಮಲ್ಲಿ ಒಂದು ಬೇಡಿಕೆ ಇದೆ. ಅದಕ್ಕೆ ಮೊದಲು ಲಂಡನ್ನಿನ ಒಂದು ಮಗ್ಗದ ಕಥೆ ಹೇಳಬೇಕು.

1851ರಲ್ಲಿ ಅಲ್ಲಿ ಮಹಾ ವಸ್ತುಪ್ರದರ್ಶನ ನಡೆಯಿತು. ಬ್ರಿಟನ್ನಿನ ಯಂತ್ರದ ಸಾಮಾನುಗಳ ಮೇಲೆ ಅಲಂಕಾರ ವಿಪರೀತವಾಗಿತ್ತು. ಭಾರತದ ಬಟ್ಟೆಗಳೂ ಅಲ್ಲಿದ್ದವು. ಬಣ್ಣ, ಬುಟ್ಟಾ ಕೂಡಿಸುವುದನ್ನು ಇವುಗಳಿಂದ ಕಲಿಯಬೇಕು ಎಂದು ಓವೆನ್ ಜೋನ್ಸ್ ಅವರಂಥ ವಿನ್ಯಾಸಕಾರರು ಹೇಳಿದರು. ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಮೊದಲ ಸಂಗ್ರಹಕ್ಕೆ ಭಾರತದ ವಸ್ತುಗಳನ್ನೂ ಕೊಂಡರು.

ಆದರೆ ಮೆಚ್ಚುವುದು ಬೇರೆ, ಮಗ್ಗದ ಮುಂದೆ ಕೂರುವುದು ಬೇರೆ. ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮಾರಿಸ್ ಕೂತರು. ಟ್ಯಾಪೆಸ್ಟ್ರಿ ಅಂದರೆ ಹಾಸನ್ನು (ಉದ್ದದ ಎಳೆಗಳನ್ನು) ಪೂರ್ತಿ ಮುಚ್ಚಿ, ಹೊಕ್ಕಿನ (ಅಡ್ಡ ಎಳೆಯ) ನೂಲಿನಲ್ಲೇ ಚಿತ್ರ ಮೂಡಿಸುವ ನೇಯ್ಗೆ. ಯುರೋಪಿನಲ್ಲಿ ಅದು ಆ ಹೊತ್ತಿಗೆ ತೈಲಚಿತ್ರಗಳ ನಕಲಾಗಿಬಿಟ್ಟಿತ್ತು. 1879ರಲ್ಲಿ ಮಾರಿಸ್ ಮಲಗುವ ಕೋಣೆಯಲ್ಲೇ ಮಗ್ಗ ಹೂಡಿದರು. ಹಳೆಯ ಫ್ರೆಂಚ್ ಪುಸ್ತಕ ನೋಡಿ ಕಲಿತರು. ನಸುಕಿನಲ್ಲೇ ಎದ್ದು ನೇಯ್ದರು. ಮೊದಲ ಟ್ಯಾಪೆಸ್ಟ್ರಿಗೆ 516 ಗಂಟೆ ಹಿಡಿಯಿತು. ಅದರ ಲೆಕ್ಕವನ್ನೂ ಬರೆದಿಟ್ಟರು.

ಅವರ ಅಂಗಡಿಗೆ ಸಹಾಯಕನಾಗಿ ಬಂದಿದ್ದ ಜಾನ್ ಹೆನ್ರಿ ಡರ್ಲ್ ಎಂಬ ಹುಡುಗನೂ ಈ ನೇಯ್ಗೆ ಕಲಿತ. ಮುಂದೆ ಆ ಸಂಸ್ಥೆಯ ಮುಖ್ಯ ವಿನ್ಯಾಸಕಾರನೇ ಆದ. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದದ್ದು ಇದೇ. 1881ರಿಂದ ಲಂಡನ್ನಿನ ಹತ್ತಿರದ ಮರ್ಟನ್ ಅಬಿಯ ಅವರ ಕಾರ್ಖಾನೆಯಲ್ಲಿ ಕೆಲಸ ನಡೆಯಿತು. ಅಲ್ಲೂ ಮನುಷ್ಯರ ಚಿತ್ರಗಳನ್ನು ಬರೆಯುತ್ತಿದ್ದವರು ಚಿತ್ರಕಾರ ಬರ್ನ್-ಜೋನ್ಸ್, ಕೊಳ್ಳುತ್ತಿದ್ದವರು ಶ್ರೀಮಂತರು, ನಿಜ. ಆದರೂ ಬಣ್ಣದ ಛಾಯೆ ಆರಿಸುವಾಗ ನೇಕಾರರ ಕೈಗೆ ಒಂದಿಷ್ಟು ಸ್ವಾತಂತ್ರ್ಯವಿತ್ತು.

ನವಲಗುಂದದಲ್ಲೂ ನೆಟ್ಟಗೆ ನಿಲ್ಲಿಸಿದ ಮಗ್ಗ, ಹಾಸನ್ನು ಮುಚ್ಚುವ ಹೊಕ್ಕು, ಹೊಕ್ಕನ್ನು ಒತ್ತಿ ಕೂರಿಸುವ ಪಂಜಾ ಎಂಬ ಹಣಿಗೆಯ ಬಡಿತ. ಪಗಡೆಯ ಪಟ, ನವಿಲು ಎಲ್ಲ ಬೆರಳಿನಿಂದಲೇ ಮೂಡುತ್ತವೆ. ಇದು ಈ ಊರಿನದೇ ಕಸುಬು ಎಂದು ಸಾರುವ ಜಿಐ (ಭೌಗೋಳಿಕ ಸೂಚಕ) ಗುರುತೂ ಸಿಕ್ಕಿದೆ. ಆದರೆ ಗುರುತು ಸಿಕ್ಕ ಮಾತ್ರಕ್ಕೆ ಹೊಸ ವಿನ್ಯಾಸ ಹುಟ್ಟುವುದಿಲ್ಲ, ಅಲ್ವಾ? ಮಾರಿಸ್ ಅವರಿಗೆ ದುಡ್ಡಿತ್ತು, 516 ಗಂಟೆ ಕೂತು ಕಲಿತರು. ನಮ್ಮ ಹೆಣ್ಣುಮಕ್ಕಳಿಗೆ ಒಂದು ದಿನ ಸುಮ್ನೆ ಪ್ರಯೋಗ ಮಾಡಿದರೂ ಆ ದಿನದ ಕೂಲಿ ಹೋಯಿತು.

ನನ್ನ ಬೇಡಿಕೆ ಇಷ್ಟೇ. ಹೊಸ ಬುಟ್ಟಾ ಯೋಚಿಸುವ, ನೇಯ್ದು ಬಿಚ್ಚಿ ಮತ್ತೆ ನೇಯುವ ದಿನಗಳಿಗೂ ಅವರಿಗೆ ಕೂಲಿ ಕೊಡಿ. ಹೊರಗಿನಿಂದ ಬರುವ ವಿನ್ಯಾಸಕಾರರು ಮೊದಲು ಒಂದು ತಿಂಗಳು ಅವರ ಪಕ್ಕ ಕೂತು ನೇಯಲಿ. ಮನೆಮನೆಯ ಹಳೇ ಜಮಖಾನೆಗಳು ಸವೆದುಹೋಗುವ ಮುಂಚೆ ಅವುಗಳ ಫೋಟೊ ತೆಗೆಸಿ, ಒಂದು ಪ್ರತಿ ನವಲಗುಂದದಲ್ಲೇ ಇಡಿ. ಮುಂದಿನ ಬಜೆಟ್ಟಿನಲ್ಲಿ ಇದಕ್ಕೊಂದು ಸಾಲು ಇರಲಿ.

ಇಂತಿ,
ಜಮಖಾನೆ ಮೇಲೆ ಕೂತು ಉಂಡು ಬೆಳೆದ ಧಾರವಾಡದವಳು