ಇಂಜೆಕ್ಷನ್ ತೆಗೆದು ಕಾರ್ಬುರೇಟರ್ ಕೂರಿಸುವ ಕೆಲಸದಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಬಾಷ್ ಡಿ-ಜೆಟ್ರಾನಿಕ್ ಅಥವಾ ಎಲ್-ಜೆಟ್ರಾನಿಕ್ ಇಂಜೆಕ್ಷನ್ (ಕಂಪ್ಯೂಟರ್ ಲೆಕ್ಕದಂತೆ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಇರುವ ಹಳೆಯ ಕಾರನ್ನು ತಂದು "ಈ ಇಂಜೆಕ್ಷನ್ ಸಹವಾಸವೇ ಬೇಡ, ಕಾರ್ಬುರೇಟರ್ ಹಾಕಿಬಿಡಿ" ಎನ್ನುವವರಿಗೆ ಇನ್ನು ಮುಂದೆ ನಾವು ಒಂದೇ ಮಾತಿಗೆ ಒಪ್ಪುವುದಿಲ್ಲ. ಮೊದಲು ಇಂಜೆಕ್ಷನ್ ಪರೀಕ್ಷೆ. ರಿಪೇರಿಗೆ ಬಗ್ಗದು ಎಂದು ಖಚಿತವಾದ ಮೇಲೆ, ಗಾಳಿಯ ಎಳೆತದಿಂದಲೇ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್. ಅದೂ ಕಂಪನಿಯೇ ಆ ಎಂಜಿನ್ನನ್ನು ಕಾರ್ಬುರೇಟರ್ ಜೊತೆಗೂ ಮಾರಿದ್ದರೆ ಮಾತ್ರ. ಮರ್ಸಿಡಿಸ್ 280 ಮತ್ತು 280 ಇ ಅಂಥ ಜೋಡಿ. ಎರಡರಲ್ಲೂ 2746 ಸಿಸಿಯ ಎಂ110 ಎಂಜಿನ್. ಒಂದಕ್ಕೆ ಸೋಲೆಕ್ಸ್ ಕಾರ್ಬುರೇಟರ್, ಇನ್ನೊಂದಕ್ಕೆ ಇಂಜೆಕ್ಷನ್.

ಹೀಗೇಕೆ ಎಂದರೆ, "ಕೆಟ್ಟಿದೆ" ಎಂದು ಕಿತ್ತು ಹಾಕುವ ಇಂಜೆಕ್ಷನ್‌ಗಳಲ್ಲಿ ಕಂಪ್ಯೂಟರ್ ಸತ್ತಿರುವುದು ಅಪರೂಪ. ಒಡೆದ ರಬ್ಬರ್ ಪೈಪು, ತುಕ್ಕು ಹಿಡಿದ ಅರ್ತ್ ವೈರು, ಸತ್ತ ತಾಪ ಸೆನ್ಸರು, ಇಷ್ಟರಲ್ಲೇ ಕಾಯಿಲೆ ಸಿಗುತ್ತದೆ. ಡಿ-ಜೆಟ್ರಾನಿಕ್ ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ನಳಿಕೆಗಳ) ಒತ್ತಡ ನೋಡಿ ಪೆಟ್ರೋಲ್ ಲೆಕ್ಕ ಹಾಕುತ್ತದೆ. ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ದಾಟಿದ ಮೇಲೆ ಎಲ್ಲಾದರೂ ಗಾಳಿ ಸೋರಿದರೆ ಲೋಡ್ ಹೆಚ್ಚಾಯಿತೆಂದು ತಿಳಿದು ಪೆಟ್ರೋಲನ್ನೂ ಹೆಚ್ಚು ಬಿಡುತ್ತದೆ, ಐಡ್ಲಿಂಗ್ ಏರಿ ಕೂರುತ್ತದೆ. ಎಲ್-ಜೆಟ್ರಾನಿಕ್ ಒಳಬರುವ ಗಾಳಿಯನ್ನೇ ಅಳೆಯುವುದರಿಂದ ಅದೇ ಸೋರಿಕೆಗೆ ತದ್ವಿರುದ್ಧ: ಮಿಶ್ರಣ ತೆಳುವಾಗಿ ಐಡ್ಲಿಂಗ್ ತೂಗಾಡುತ್ತದೆ. ಆಯಿಲ್ ಹಾಕುವ ಮುಚ್ಚಳ ಸಡಿಲವಾಗಿದ್ದರೂ ಸಾಕು.

ಪರೀಕ್ಷೆಯಲ್ಲಿ ಪೆಟ್ರೋಲ್ ಒತ್ತಡ (ಡಿ-ಜೆಟ್ರಾನಿಕ್‌ಗೆ ಸುಮಾರು 2 ಬಾರ್, ಎಲ್-ಜೆಟ್ರಾನಿಕ್‌ಗೆ 2.5ರಿಂದ 3) ನೋಡುತ್ತೇವೆ. ತಾಪ ಸೆನ್ಸರು 20 ಡಿಗ್ರಿಯಲ್ಲಿ ಸುಮಾರು 2500 ಓಮ್ ತೋರಿಸಬೇಕು, 80 ಡಿಗ್ರಿಯಲ್ಲಿ 300ರ ಆಸುಪಾಸಿಗೆ ಇಳಿಯಬೇಕು. ಅದರ ವೈರು ತುಂಡಾಗಿದ್ದರೆ ಎಂಜಿನ್ ಸದಾ ತಣ್ಣಗಿದೆ ಎಂದೇ ಕಂಪ್ಯೂಟರ್ ಭಾವಿಸಿ ಕಪ್ಪು ಹೊಗೆ ಕಕ್ಕಿಸುತ್ತದೆ. ಡಿ-ಜೆಟ್ರಾನಿಕ್‌ನ ಒತ್ತಡ ಸೆನ್ಸರಿನ ಎರಡು ಕಾಯಿಲ್‌ಗಳು ಸುಮಾರು 90 ಮತ್ತು 350 ಓಮ್ ತೋರಿಸಬೇಕು. ಕೈಪಂಪಿನಿಂದ ಎಳೆದ ವ್ಯಾಕ್ಯೂಮ್ ನಿಲ್ಲದಿದ್ದರೆ ಒಳಗಿನ ಡಯಾಫ್ರಾಮ್ ಸೀಳಿದೆ ಎಂದರ್ಥ. ಇಂಜೆಕ್ಟರ್‌ಗಳನ್ನು ದಯವಿಟ್ಟು ಡೀಸೆಲ್ ಪಂಪ್ ಅಂಗಡಿಯ ನಾಝಲ್ ಟೆಸ್ಟರ್‌ಗೆ ಕೊಡಬೇಡಿ. ಅದು ನೂರಾರು ಬಾರ್ ಒತ್ತಡದ ಯಂತ್ರ.

ಇನ್ನು ಕಾರ್ಬುರೇಟರ್ ಹಾಕಲೇಬೇಕಾದ ಕಾರುಗಳ ವಿಷಯ. ಅರ್ಧಂಬರ್ಧ ಬದಲಾವಣೆಯನ್ನು ಯಾರು ಕೇಳಿದರೂ ಮಾಡುವುದಿಲ್ಲ. ಹಳೆಯ ಪಂಪು ಮೊದಲು ಹೋಗಬೇಕು. ಕಾರ್ಬುರೇಟರಿಗೆ ಪೆಟ್ರೋಲ್ ಬರುವ ದಾರಿಯನ್ನು ಮುಚ್ಚುವ ಫ್ಲೋಟ್ ಸೂಜಿ ತಡೆಯುವುದು ಸುಮಾರು 0.25 ಬಾರ್; 2 ಬಾರ್ ಬಂದರೆ ಪೆಟ್ರೋಲ್ ಉಕ್ಕಿ ಬಿಸಿ ಎಕ್ಸಾಸ್ಟ್ ಮೇಲೆ ಬೀಳುತ್ತದೆ, ಇಲ್ಲವೇ ಸಿಲಿಂಡರ್ ಗೋಡೆ ತೊಳೆದು ಆಯಿಲ್ ಸೇರುತ್ತದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ರೆಗ್ಯುಲೇಟರ್ ಅಷ್ಟು ಒತ್ತಡವನ್ನು ಇಳಿಸಲಾರದು. ಆದ್ದರಿಂದ ಟ್ಯಾಂಕಿನ ಹತ್ತಿರ ಕಡಿಮೆ ಒತ್ತಡದ ಪಂಪು ಕೂರಿಸಿ, ಹಳೆಯ ರಿಟರ್ನ್ ಲೈನನ್ನು ಕಿರಿದಾದ ತೂತಿನ ಮೂಲಕ ಉಳಿಸಿಕೊಳ್ಳುತ್ತೇವೆ. ಪೆಟ್ರೋಲ್ ತಿರುಗುತ್ತಿದ್ದರೆ ಟ್ರಾಫಿಕ್‌ನಲ್ಲಿ ನಿಂತಾಗ ಪೈಪಿನಲ್ಲಿ ಆವಿ ಕಟ್ಟುವುದು ಕಡಿಮೆ.

ಬಹಳ ಜನ ಮರೆಯುವುದು ರಿಲೇ. ಇಂಜೆಕ್ಷನ್ ಇದ್ದಾಗ ಎಂಜಿನ್ ನಿಂತರೆ ಪಂಪೂ ತಾನಾಗಿ ನಿಲ್ಲುತ್ತಿತ್ತು. ಹೊಸ ಪಂಪಿಗೆ ನೇರವಾಗಿ ಇಗ್ನಿಷನ್ ವೈರು ಕೊಟ್ಟರೆ, ಅಪಘಾತದಲ್ಲಿ ಪೈಪು ಹರಿದರೂ ಅದು ಪೆಟ್ರೋಲ್ ಚೆಲ್ಲುತ್ತಲೇ ಇರುತ್ತದೆ. ಇಗ್ನಿಷನ್ ಪಲ್ಸ್ ನಿಂತೊಡನೆ ಪಂಪ್ ನಿಲ್ಲಿಸುವ ರಿಲೇ ಇಲ್ಲದೆ ನಮ್ಮಿಂದ ಯಾವ ಕಾರೂ ಹೊರಗೆ ಹೋಗುವುದಿಲ್ಲ.

ಮ್ಯಾನಿಫೋಲ್ಡ್ ಕೂಡ ಕಾರ್ಬುರೇಟರ್ ಆವೃತ್ತಿಯದ್ದೇ ಬೇಕು. ಇಂಜೆಕ್ಷನ್ ಮ್ಯಾನಿಫೋಲ್ಡ್‌ನಲ್ಲಿ ಹೋಗುತ್ತಿದ್ದುದು ಬರೀ ಗಾಳಿ. ಅದರ ತೂತು ಮುಚ್ಚಿ ಮೇಲೊಂದು ಕಾರ್ಬುರೇಟರ್ ಕೂರಿಸಿದರೆ ಪೆಟ್ರೋಲ್ ಹನಿಯಾಗಿ ಅಗಲವಾದ ನಳಿಕೆಯ ತಳದಲ್ಲಿ ನಿಲ್ಲುತ್ತದೆ, ತುದಿಯ ಸಿಲಿಂಡರ್‌ಗಳಿಗೆ ಪೆಟ್ರೋಲ್ ಸಾಲದಾಗುತ್ತದೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನೂ ಬದಲಿಸುತ್ತೇವೆ, ಎರಡು ವೆಬರ್ 40 ಡಿಸಿಓಇ ಕಾರ್ಬುರೇಟರ್ ಹಾಕುವುದಾದರೆ ವ್ಯಾಕ್ಯೂಮ್ ಸ್ಥಿರವಾಗಿರದ ಕಾರಣ ಮೆಕ್ಯಾನಿಕಲ್ ಅಡ್ವಾನ್ಸ್ (ವ್ಯಾಕ್ಯೂಮ್ ಬದಲು ಎಂಜಿನ್ ವೇಗದಿಂದ ಕಿಡಿಯನ್ನು ಮುಂಚಿತಗೊಳಿಸುವ ವ್ಯವಸ್ಥೆ) ಇರುವುದನ್ನೇ ಹಾಕಬೇಕು.

ಜೆಟ್, ಅಂದರೆ ಪೆಟ್ರೋಲ್ ಅಥವಾ ಗಾಳಿಯನ್ನು ಅಳತೆಗೆ ತಕ್ಕಂತೆ ಬಿಡುವ ಪುಟ್ಟ ತೂತಿನ ಆಯ್ಕೆಯಲ್ಲಿ ನಮ್ಮ ನಾಡಿಗೆ ಎರಡು ಲೆಕ್ಕಗಳಿವೆ. ವೆಬರ್‌ಗೆ ಸಾಮಾನ್ಯ ಆರಂಭ: ವೆಂಚುರಿಯ (ಗಾಳಿ ಹಾಯುವ ಕಿರಿದಾದ ಕೊರಳಿನ) ಅಳತೆಯ ನಾಲ್ಕರಷ್ಟು ಮೇನ್ ಜೆಟ್ (ಪೆಟ್ರೋಲಿನದ್ದು), ಅದಕ್ಕೆ 50 ಕೂಡಿಸಿ ಏರ್ ಜೆಟ್ (ಗಾಳಿಯದ್ದು). 30 ಮಿ.ಮೀ. ವೆಂಚುರಿಗೆ 120 ಮತ್ತು 170 (ಮಿ.ಮೀ.ನ ನೂರನೇ ಭಾಗದ ಲೆಕ್ಕದಲ್ಲಿ ತೂತಿನ ವ್ಯಾಸ). ಇದು ಶುದ್ಧ ಪೆಟ್ರೋಲಿನ ಲೆಕ್ಕ. ನಮ್ಮ ಮೊದಲ ಲೆಕ್ಕ ಇ20, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಅದಕ್ಕೆ ಸುಮಾರು ಶೇ 8 ಹೆಚ್ಚು ಇಂಧನ ಬೇಕು, ಅಂದರೆ ಜೆಟ್ಟಿನ ವ್ಯಾಸ ಶೇ 4 ಹೆಚ್ಚಬೇಕು, 125 ಹಾಕುತ್ತೇವೆ. ಎರಡನೆಯದು ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಸರಿಹೊಂದಿಸಿದ ಕಾರ್ಬುರೇಟರ್ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುವಷ್ಟರಲ್ಲಿ ಸುಮಾರು ಶೇ 4 ತೆಳುವಾಗುತ್ತದೆ. ತೆಳು ಮಿಶ್ರಣದಲ್ಲಿ ಬಿಸಿಯೇರಿ ಪಿಸ್ಟನ್ ಸುಡುವುದಕ್ಕಿಂತ ಬೆಂಗಳೂರಿನಲ್ಲಿ ಸ್ವಲ್ಪ ಹೆಚ್ಚು ಪೆಟ್ರೋಲ್ ಕುಡಿಯುವುದೇ ವಾಸಿ, ಹಾಗಾಗಿ ಕರಾವಳಿಗೆ ಹೊಂದುವ ಜೆಟ್ಟನ್ನೇ ಕೊಡುತ್ತೇವೆ. ಮೈಲೇಜ್ ಇಂಜೆಕ್ಷನ್‌ಗಿಂತ ಕಡಿಮೆ ಬರುತ್ತದೆ, ಇದನ್ನು ಈಗಲೇ ತಿಳಿದಿರಿ. ಪೈಪು ಮತ್ತು ಸೂಜಿಯ ತುದಿ ವೈಟನ್ ಎಂಬ ವಿಶೇಷ ರಬ್ಬರಿನದ್ದೇ ಇರುತ್ತವೆ, ಇಲ್ಲದಿದ್ದರೆ ಎಥನಾಲ್‌ಗೆ ಉಬ್ಬುತ್ತವೆ. ಐಡ್ಲಿಂಗ್‌ನಲ್ಲಿ ಹೊಗೆಯಲ್ಲಿನ ಸಿಓ (ಕಾರ್ಬನ್ ಮಾನಾಕ್ಸೈಡ್) ಶೇ 2ರಿಂದ 2.5ರಲ್ಲಿ ನಿಲ್ಲಿಸುತ್ತೇವೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡಿಗೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಆರ್‌ಟಿಓ ಕಚೇರಿಯ ಲಿಖಿತ ಒಪ್ಪಿಗೆ ಕೈಯಲ್ಲಿದ್ದರೆ ಮಾತ್ರ ಕೆಲಸ ಶುರು. ಇಂಜೆಕ್ಷನ್‌ನ ಒಂದು ವೈರನ್ನೂ ಕತ್ತರಿಸುವುದಿಲ್ಲ. ಬಿಚ್ಚಿದ ಕಂಪ್ಯೂಟರ್, ಸೆನ್ಸರ್, ಇಂಜೆಕ್ಟರ್, ಮ್ಯಾನಿಫೋಲ್ಡ್ ಎಲ್ಲಕ್ಕೂ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿ ನಿಮಗೇ ಒಪ್ಪಿಸುತ್ತೇವೆ. ಗುಜರಿಗೆ ಹಾಕಬೇಡಿ. ನಾಳೆ ಮೂಲ ಸ್ಥಿತಿಗೆ ತರಬೇಕೆನಿಸಿದರೆ ಆ ಭಾಗಗಳು ಹುಡುಕಿದರೂ ಸಿಗುವುದು ಕಷ್ಟ.

ಪರೀಕ್ಷೆಗೆ ಕಾರನ್ನು ಹಿಂದಿನ ಸಂಜೆಯೇ ತಂದು ನಿಲ್ಲಿಸಿ. ಬೆಳಿಗ್ಗೆ ತಣ್ಣಗಿರುವ ಎಂಜಿನ್ನಿನಿಂದಲೇ ತಾಪ ಸೆನ್ಸರಿನ ಅಳತೆ ಆರಂಭವಾಗಬೇಕು.

ನಿಮ್ಮ ವರ್ಕ್‌ಶಾಪ್‌ನ ಬಳಗ